ತೆರೆಯ ಮೇಲೆ ಹನ್ನೊಂದು ಸೆಕೆಂಡು, ಶೆಡ್ಡಿನಲ್ಲಿ ಹನ್ನೊಂದು ವರ್ಷ!

ಕಡಿದಾದ ಮಣ್ಣಿನ ಇಳಿಜಾರು. ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ. ಹೀರೋ ಛಂಗನೆ ನೆಗೆದು ಜೀಪಿನಲ್ಲಿ ಕೂತ. ಗೇರು ಬಿತ್ತು. ಕೆಂಪು ಧೂಳೆಬ್ಬಿಸಿಕೊಂಡು ಜೀಪು ಇಳಿಯಿತು. ಟಾಕೀಸಿನ ತುಂಬ ಶಿಳ್ಳೆಯೋ ಶಿಳ್ಳೆ!

ಓದುಗ ಮಿತ್ರರೇ, ಆ ಶಿಳ್ಳೆ ಸಲ್ಲಬೇಕಾದದ್ದು ಹೀರೋಗಲ್ಲ. ನಮ್ಮ ಅಪ್ಪಯ್ಯನಿಗೆ!

2003ರ ಡಿಸೆಂಬರ್ ತಿಂಗಳು. ಕಳಸದ ಹತ್ತಿರ ನಮ್ಮ ಊರಿಗೆ ಒಂದು ಚಿತ್ರದ ಯೂನಿಟ್ ಬಂದಿತ್ತು. ಇಳಿಜಾರಿನಲ್ಲಿ ಜೀಪು ಓಡಿಸುವ ಶಾಟ್ ಇತ್ತು. ಹೀರೋ ಕೆಳಗೆ ಇಣುಕಿ ನೋಡಿದರು, ಡೈರೆಕ್ಟರ್ ಮುಖ ನೋಡಿದರು. ಆಮೇಲೆ ಹೀರೋ ಅಂಗಿ ಅಪ್ಪಯ್ಯನ ಮೈಮೇಲೆ ಬಂತು, ತಲೆ ಮೇಲೆ ಒಂದು ವಿಗ್ಗೂ ಬಂತು. ಜೀಪು ನಮ್ಮದೇ. ಹಿಂದೆ ತೆರೆದ ತೊಟ್ಟಿ ಇರುವ, ಊರಿನವರೆಲ್ಲ ‘ಪಿಕಪ್ಪು’ ಅಂತ ಕರೆಯುವ ಮಹೀಂದ್ರ. ಚಿತ್ರದ ಹೆಸರು ಹೇಳುವುದಿಲ್ಲ. ಹೀರೋ ನಮ್ಮವರೇ, ಅವರ ಅಭಿಮಾನಿಗಳು ನೀವೇ. ಜಗಳ ಯಾಕೆ?

ಆಗ ನನಗೆ ಆರು ವರ್ಷ. ಟಾಕೀಸಿನ ಕತ್ತಲಲ್ಲಿ ಅಮ್ಮ ನನ್ನ ಕಿವಿಗೆ ಬಾಯಿಟ್ಟು, “ಸ್ಟಿಯರಿಂಗ್ ಮೇಲಿನ ಕೈ ನೋಡೋ, ಅದು ನಿಮ್ಮಪ್ಪಂದು” ಅಂದಳು. ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಆ ಶಾಟ್ ಇರುವುದು ಹನ್ನೊಂದು ಸೆಕೆಂಡು. ನನಗೆ ಸಿನಿಮಾ ಹುಚ್ಚು ಹಿಡಿದದ್ದು ಅಲ್ಲಿಂದ. ಪೆನ್ನು ಹಿಡಿದು ಈ ಪುಟಗಳವರೆಗೆ ಬಂದದ್ದೂ ಅಲ್ಲಿಂದಲೇ.

2014ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತು ನಾಲಿಗೆಯಲ್ಲೇ ಸಿಕ್ಕಿಹಾಕಿಕೊಂಡಿತು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟೆ. ಪಿಕಪ್ಪು ಕೊಟ್ಟಿಗೆ ಪಕ್ಕದ ಶೆಡ್ಡು ಸೇರಿತು. ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಟ್ಟವು. ಹೀಗೇ ಹನ್ನೊಂದು ವರ್ಷ!

ಗುಜರಿಗೆ ನಲವತ್ತೈದು ಸಾವಿರ

ಕಳೆದ ವರ್ಷ, ಅಂದರೆ 2025ರ ಯುಗಾದಿ ಕಳೆದು ನಾಲ್ಕು ದಿನಕ್ಕೆ ಗುಜರಿಯವರು ಬಂದು ಶೆಡ್ಡಿಗೆ ಒಂದು ಸುತ್ತು ಹಾಕಿದರು. “ನಲವತ್ತೈದು ಸಾವಿರ” ಅಂದರು. ಅಣ್ಣಯ್ಯ ತಲೆ ಆಡಿಸಿದ. ತಪ್ಪು ಅವನದಲ್ಲ. ಅಪ್ಪಯ್ಯನ ಔಷಧಿ, ಎರಡು ಎಕರೆ ಕಾಫಿ, ಮೆಣಸಿನ ಬಳ್ಳಿಗೆ ರೋಗ. ಲೆಕ್ಕ ಬರೆಯುವವನು ಅವನು. ನಾನು ಬರೆಯುವುದು ಸಿನಿಮಾ ಸುದ್ದಿ. ಅದಕ್ಕೆ ಬರುವ ಸಂಭಾವನೆ ಎಷ್ಟು ಎಂದು ಸಂಪಾದಕರಿಗೆ ಗೊತ್ತು, ನನಗೆ ಗೊತ್ತು!

“ಅಣ್ಣಯ್ಯ, ದೀಪಾವಳಿ ತನಕ ಟೈಮ್ ಕೊಡು. ನಾನು ಇದನ್ನ ಎಬ್ಬಿಸ್ತೀನಿ” ಅಂದೆ.

“ನೀನು? ಸೈಕಲ್ ಪಂಚರ್ ಹಾಕಕ್ಕೆ ಬರ್ತದೇನೋ ನಿಂಗೆ?”

ಬರುತ್ತಿರಲಿಲ್ಲ. ಸುಳ್ಳು ಯಾಕೆ? ಆದರೆ ಒಂದು ಮಾತು ಹೇಳಿದೆ. ನಮ್ಮ ತೋಟದಿಂದ ಟಾರು ರಸ್ತೆಗೆ ಮೂರು ಕಿಲೋಮೀಟರು ಮಣ್ಣಿನ ಏರು. ಕಾಫಿ ಮೂಟೆ ಸಾಗಿಸಲು, ಗೊಬ್ಬರ ತರಲು, ಅಪ್ಪಯ್ಯನನ್ನು ಆಸ್ಪತ್ರೆಗೆ ಕರೆದೊಯ್ಯಲು, ಪ್ರತಿ ಸಲ ಬೇರೆಯವರ ಜೀಪಿಗೆ ಬಾಡಿಗೆ. ಹನ್ನೊಂದು ವರ್ಷದ ಬಾಡಿಗೆ ಕೂಡಿಸಿದರೆ ಎಷ್ಟಾಗುತ್ತದೆ? ಅಣ್ಣಯ್ಯ ಉತ್ತರ ಕೊಡಲಿಲ್ಲ. ಗುಜರಿಯವರಿಗೆ, “ದೀಪಾವಳಿ ಆದ್ಮೇಲೆ ಬನ್ನಿ” ಅಂದ.

ಅಲ್ಲಿಗೆ ಚಿತ್ರದ ಮುಹೂರ್ತವಾಯಿತು!

ಈ ಜೀಪಿನ ಜಾತಕ

ಮೊದಲು ಕಥಾನಾಯಕನ ಪರಿಚಯ ಆಗಲಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧ ಮುಗಿಯಿತು, ಜೀಪು ಹೊಲಕ್ಕಿಳಿಯಿತು. 1945ರಲ್ಲಿ ವಿಲ್ಲೀಸ್ ರೈತರಿಗೆಂದೇ ‘ಸಿಜೆ’ ಜೀಪು ತಂದಿತು. 1947ರಲ್ಲಿ ನಾಲ್ಕೂ ಚಕ್ರ ಎಳೆಯುವ ಪಿಕಪ್ ಟ್ರಕ್ಕನ್ನೂ ತಂದಿತು. ನಮ್ಮಲ್ಲಿ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ್ದೂ ಆ ದಶಕದ ಕೊನೆಯಲ್ಲೇ.

ಹಳೆಯ ಮಹೀಂದ್ರದ ಬಾನೆಟ್ಟು ಯಾಕೆ ಅಷ್ಟು ಎತ್ತರ ಗೊತ್ತೆ? ಅದರೊಳಗಿದ್ದ ‘ಹರಿಕೇನ್’ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವು ತಲೆ ಮೇಲೆ, ಹೊಗೆ ಬಿಡುವ ವಾಲ್ವು ಪಕ್ಕದ ಬ್ಲಾಕಿನಲ್ಲಿ. ಹಾಗಾಗಿ ಎಂಜಿನ್ನು ಎತ್ತರವಾಯಿತು, ಅದಕ್ಕೆ ಬಾನೆಟ್ಟೂ ಎದ್ದಿತು. 1973ರ ‘ಗಂಧದ ಗುಡಿ’ಯಲ್ಲಿ ಅರಣ್ಯಾಧಿಕಾರಿಯಾಗಿ ಅಣ್ಣಾವ್ರು ಸ್ಟಿಯರಿಂಗ್ ಹಿಡಿದು ಕಾಡಿನ ದಾರಿಯಲ್ಲಿ ಬರುವುದನ್ನು ನೋಡಿ ಜೀಪಿಗೆ ಮನಸೋಲದ ಮಲೆನಾಡಿಗ ಇದ್ದಾನೆಯೇ? 1980ರ ‘ಆಟೋ ರಾಜ’ ಶಂಕರಣ್ಣನನ್ನು ಆಟೋದವರ ಮನೆದೇವರು ಮಾಡಿದ ಹಾಗೆ, ‘ಗಂಧದ ಗುಡಿ’ ಜೀಪಿನವರ ಎದೆಯಲ್ಲಿ ಉಳಿದಿದೆ.

ನಮ್ಮದು 1978ರ ಲಾಂಗ್ ಚಾಸಿ ಗಾಡಿ. ಅಪ್ಪಯ್ಯ 1990ರಲ್ಲಿ ಒಂದು ಎಸ್ಟೇಟಿನವರಿಂದ ಕೊಂಡದ್ದು. ಪೆಟ್ರೋಲ್ ಖರ್ಚು ತಾಳಲಾರದೆ ಮರುವರ್ಷವೇ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ ಕೂರಿಸಿ, ಆರ್‌ಸಿ ಪುಸ್ತಕದಲ್ಲೂ ಬರೆಸಿದ್ದ. ಪುಸ್ತಕದಲ್ಲಿ ಬರೆಸಿದ್ದು ಎಂಥ ಉಪಕಾರ ಮಾಡಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಗುರು ಸಿಕ್ಕ!

ಮೂಡಿಗೆರೆ ಕಡೆಯ ಒಬ್ಬ ಹಳೆಯ ಮೇಸ್ತ್ರಿ. ವಯಸ್ಸು ಎಪ್ಪತ್ತರ ಹತ್ತಿರ. ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದರು. ಅಪ್ಪಯ್ಯನ ಹೆಸರು ಹೇಳಿದ್ದೇ ತಡ, “ಭಾನುವಾರ ಭಾನುವಾರ ಬರ್ತೀನಿ. ಕೆಲಸ ನೀನು ಮಾಡು, ಬೈಗುಳ ನಾನು ಕೊಡ್ತೀನಿ” ಅಂದರು. ಹಾಗೇ ನಡೆದುಕೊಂಡರು!

ನಾನು ಮೊದಲ ದಿನವೇ ಬ್ಯಾಟರಿ ತಂದು ಸೆಲ್ಫ್ ಹೊಡೆಯಲು ಹೊರಟಿದ್ದೆ. ಮೇಸ್ತ್ರಿ ಕೈ ಹಿಡಿದರು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಗೋಡೆಗೆ ಕಚ್ಚಿಕೊಂಡಿರುತ್ತದೆ. ಜೋರಾಗಿ ತಿರುಗಿಸಿದರೆ ರಿಂಗು ಮುರಿದು ಸಿಲಿಂಡರನ್ನೇ ಗೀರುತ್ತದೆ. ಅದಕ್ಕೆ ನಾಲ್ಕೂ ನೋಜಲ್ ಬಿಚ್ಚಿ, ಆ ತೂತುಗಳಲ್ಲಿ ಆಯಿಲ್ಲು, ಡೀಸೆಲ್ಲು ಬೆರೆಸಿ ಹೊಯ್ದು, ಮೂರು ದಿನ ಬಿಟ್ಟೆವು. ನಾಲ್ಕನೇ ದಿನ ಉದ್ದ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿದರೆ... ಒಂದು ಅಂಗುಲ ಅಲ್ಲಾಡಿತು! ಕೂಗಿಬಿಟ್ಟೆ. ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ತಲೆ ಎತ್ತಿ ನೋಡಿದ.

ಆಮೇಲೆ ಹೆಡ್ಡು ಬಿಚ್ಚಿದೆವು. ಹೊಸ ರಿಂಗ್ ಸೆಟ್, ವಾಲ್ವ್ ಗ್ರೈಂಡಿಂಗ್, ಹೊಸ ಗ್ಯಾಸ್ಕೆಟ್. ಡೀಸೆಲ್ ಪಂಪನ್ನು ಚಿಕ್ಕಮಗಳೂರಿಗೆ ಹೊತ್ತುಕೊಂಡು ಹೋಗಿ ಸರಿಮಾಡಿಸಿದೆ. ಟ್ಯಾಂಕಿನ ತಳದಲ್ಲಿ ಡೀಸೆಲ್ಲು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಬಿಚ್ಚಿದ ಪ್ರತಿ ಬೋಲ್ಟನ್ನೂ ಬಿಸ್ಕತ್ತಿನ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ. ಮಿತ್ರರೇ, ನೀವು ಯಾವ ಗಾಡಿ ಬಿಚ್ಚಿದರೂ ಈ ಎರಡು ಕೆಲಸ ಮರೆಯಬೇಡಿ. ಬಿಚ್ಚುವಾಗ ಎಲ್ಲ ನೆನಪಿರುತ್ತದೆ. ಕೂಡಿಸುವಾಗ ಕೈಯಲ್ಲಿ ನಾಲ್ಕು ಬೋಲ್ಟು ಉಳಿಯುತ್ತವೆ!

ಎರಡು ಕುಳ್ಳ ಗೇರುಗಳ ಮಹಿಮೆ

ಜೀಪಿನಲ್ಲಿ ಗೇರ್ ಲಿವರ್ ಪಕ್ಕ ಇನ್ನೂ ಎರಡು ಕುಳ್ಳ ಲಿವರುಗಳಿರುತ್ತವೆ. ಸಿನಿಮಾದಲ್ಲಿ ನೋಡಿರುತ್ತೀರಿ, ಏನೆಂದು ಕೇಳಿರಲಿಕ್ಕಿಲ್ಲ. ಗೇರ್‌ಬಾಕ್ಸಿನ ಹಿಂದೆ ‘ಟ್ರಾನ್ಸ್‌ಫರ್ ಕೇಸ್’ ಎಂಬ ಇನ್ನೊಂದು ಪೆಟ್ಟಿಗೆ ಇದೆ. ಒಂದು ಲಿವರು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಕೊಡುತ್ತದೆ. ಇನ್ನೊಂದು ‘ಲೋ’ಗೆ ಇಳಿಸುತ್ತದೆ. ಲೋದಲ್ಲಿ ವೇಗ ಸುಮಾರು ಎರಡೂವರೆ ಪಾಲು ಕಡಿಮೆ, ಎಳೆತ ಅಷ್ಟೇ ಪಾಲು ಹೆಚ್ಚು. ಕೆಸರಿನಲ್ಲಿ ಹೂತ ಗಾಡಿ ಆಮೆಯ ಹಾಗೆ ಎದ್ದು ಬರುವುದು ಈ ಗುಟ್ಟಿನಿಂದ.

ಒಂದು ಎಚ್ಚರಿಕೆ ಇದೆ. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡುತ್ತದೆ. ಮಣ್ಣಿನಲ್ಲಿ ಚಕ್ರ ಕೊಂಚ ಜಾರಿ ಸರಿಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರುವುದಿಲ್ಲ. ಆ ಬಿಗಿತವೆಲ್ಲ ಗೇರಿಗೆ, ಶಾಫ್ಟಿಗೆ ಬೀಳುತ್ತದೆ. ಅದಕ್ಕೇ ಟಾರು ರಸ್ತೆ ಸಿಕ್ಕ ಕೂಡಲೇ ಫೋರ್ ವೀಲ್ ತೆಗೆಯಬೇಕು. ನಾಲ್ಕು ಟೈರೂ ಒಂದೇ ಅಳತೆ ಇರಬೇಕು.

ಟೈರು ಅಂದಾಗ ನೆನಪಾಯಿತು. ಅಗಲವಾದ ದೊಡ್ಡ ಟೈರು, ತಲೆ ಮೇಲೆ ಆರು ಲೈಟು, ಕಪ್ಪು ಬಣ್ಣ... ಹೀರೋ ಎಂಟ್ರಿ ಥರ ಇರಬೇಕು ಅಂತ ನನ್ನ ಆಸೆ. ಮೇಸ್ತ್ರಿ ಉಗಿದರು. “ತಮ್ಮಾ, ಅಗಲ ಟೈರು ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ರೆ ಕಮಾನು ಪ್ಲೇಟಿಗೆ ಉಜ್ತದೆ. ದೊಡ್ಡ ಟೈರಿಗೆ ಎಳೆತ ಸಾಲಲ್ಲ, ಬ್ರೇಕ್ ಸಾಲಲ್ಲ. ನಮ್ಮ ಕೆಸರಿಗೆ ಸಣ್ಣ ಟೈರೇ ಸರಿ. ಅದು ಕೆಸರು ಕೊಯ್ದು ಕೆಳಗಿನ ಗಟ್ಟಿ ನೆಲ ಹಿಡೀತದೆ.” ಹಾಗಾಗಿ ಮೊದಲಿದ್ದ ಆರು-ಹದಿನಾರರ ಅಳತೆಯೇ ಉಳಿಯಿತು.

ಮುಂದಿನ ಆಕ್ಸಲಿನಲ್ಲಿ ಚಕ್ರ ತಿರುಗುವ ಗುಂಡಿನೊಳಗಿನ ಕಿಂಗ್‌ಪಿನ್ ಬೇರಿಂಗು ಸವೆದಿತ್ತು. ಹಾಗೇ ಬಿಟ್ಟರೆ ಒಂದು ವೇಗದಲ್ಲಿ ಸ್ಟಿಯರಿಂಗ್ ಕೈ ಬಿಡಿಸಿಕೊಳ್ಳುವ ಹಾಗೆ ನಡುಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ಬೇರಿಂಗು, ಸೀಲು, ಯು.ಜೆ. ಕ್ರಾಸು ತಂದೆ. ಚಾಸಿಯ ಹಿಂದಿನ ಅಡ್ಡಪಟ್ಟಿ ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಅದನ್ನು ಕತ್ತರಿಸಿ ಹೊಸ ಪ್ಲೇಟು ಬೆಸೆದವರು ಮೇಸ್ತ್ರಿಯೇ. ಆ ಕೆಲಸ ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಇಂಟರ್‌ವಲ್!

ಆಗಸ್ಟ್ ಕೊನೆಯ ಭಾನುವಾರ. ಪೈಪಿನಲ್ಲಿದ್ದ ಏರ್ ತೆಗೆದೆವು. ಹೀಟರ್ ಹಾಕಿ ಇಪ್ಪತ್ತು ಎಣಿಸಿದೆ. ಸೆಲ್ಫ್ ಹೊಡೆದೆ. ಕೆಮ್ಮಿತು. ಬಿಳಿ ಹೊಗೆ. ಮತ್ತೆ ಹೊಡೆದೆ. ಡಗ್... ಡಗ್... ಡಗಡಗಡಗ! ಕೋಳಿಗಳು ಮಾಡು ಹತ್ತಿದವು!

ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅಪ್ಪಯ್ಯ ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದ. ಎಡಗೈ ಎತ್ತಿ ಕರೆದ. ಹತ್ತಿರ ಹೋದೆ. ಬಾಯಿ ಒಂದು ಕಡೆ ಎಳೆಯಿತು, ಕಷ್ಟಪಟ್ಟು ಒಂದು ಶಬ್ದ ಬಂತು.

“ಟ್ಯಾ... ಪೆಟ್.”

ಮೇಸ್ತ್ರಿ ಎಂಜಿನ್ ಆಫ್ ಮಾಡಿಸಿ, ಕವರ್ ತೆಗೆದು ಗೇಜು ಹಾಕಿ ನೋಡಿದರು. ಮೂರನೇ ಸಿಲಿಂಡರಿನ ಒಂದು ಟ್ಯಾಪೆಟ್ ಸಡಿಲವಾಗಿತ್ತು! ಹನ್ನೊಂದು ವರ್ಷ ಮಾತಿಲ್ಲದ ಮನುಷ್ಯ, ಮೂವತ್ತು ಅಡಿ ದೂರದಿಂದ ಕಿವಿಯಲ್ಲೇ ಹಿಡಿದಿದ್ದ.

“ನನಗಿಂತ ದೊಡ್ಡ ಮೇಸ್ತ್ರಿ ಜಗಲಿ ಮೇಲಿದ್ದಾನೆ ಮಾರಾಯ” ಅಂದರು ಮೇಸ್ತ್ರಿ.

ಅಂದಿನಿಂದ ಅಪ್ಪಯ್ಯನ ಕುರ್ಚಿ ಶೆಡ್ಡಿಗೆ ಬಂತು.

ನಾನೇ ವಿಲನ್ ಆದ ಕಥೆ

ಇನ್ನು ಮುಂದಿನದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಮೇಸ್ತ್ರಿ ಹೇಳಿದ್ದರು: “ಬ್ರೇಕ್ ಪೈಪು ಎಲ್ಲ ಬದಲಾಯಿಸೋ ತನಕ ಗೇಟು ದಾಟಬೇಡ.” ಚಕ್ರದ ಸಿಲಿಂಡರು, ವಾಷರ್ರು ಹೊಸದಾಗಿದ್ದವು. ಉಕ್ಕಿನ ಪೈಪು ಮಾತ್ರ ಹಳೆಯದು. ಕೈಯಲ್ಲಿ ಕಾಸು ಮುಗಿದಿತ್ತು. ಪೈಪಿನ ಮೇಲೆ ಚೆನ್ನಾಗಿ ಕಪ್ಪು ಬಣ್ಣ ಹೊಡೆದೆ. ಹೊಸದರ ಹಾಗೇ ಕಂಡಿತು!

ಒಂದು ಸಂಜೆ ಅಣ್ಣಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಬಾ, ರಸ್ತೆ ತನಕ ಹೋಗಿ ಬರೋಣ” ಅಂದೆ. ನಾನು ಓಡಿಸುವುದನ್ನು ಅವನು ನೋಡಬೇಕಿತ್ತು, ಬಸ್ ಸ್ಟಾಂಡಿನಲ್ಲಿ ನಾಲ್ಕು ಜನ ನೋಡಬೇಕಿತ್ತು. ಏರು ಹತ್ತಿದ್ದಾಯಿತು. ಆ ಕಡೆಯ ಇಳಿಜಾರು ಬಂತು. ಅದೇ ಇಳಿಜಾರು, ಹನ್ನೊಂದು ಸೆಕೆಂಡಿನದು! ಮೂರನೇ ಗೇರಿನಲ್ಲಿ ಇಳಿಸಿದೆ. ತಿರುವಿನ ಹತ್ತಿರ ಬ್ರೇಕ್ ಒತ್ತಿದೆ.

ಪೆಡಲ್ ನೆಲಕ್ಕೆ ಹೋಯಿತು.

ಇನ್ನೊಮ್ಮೆ ಒತ್ತಿದೆ. ಗಾಳಿ ಒತ್ತಿದ ಹಾಗೆ. “ಅಣ್ಣಯ್ಯಾ, ಬ್ರೇಕ್ ಇಲ್ಲ!” ಅವನು ಏನೂ ಅನ್ನಲಿಲ್ಲ. ಡ್ಯಾಶ್ ಬೋರ್ಡಿನ ಕಂಬಿ ಹಿಡಿದುಕೊಂಡ. ಚಿಕ್ಕವನಿದ್ದಾಗ ಅಪ್ಪಯ್ಯ ತೊಡೆ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ ಮಾತು ಎಲ್ಲಿಂದಲೋ ಬಂತು: ಇಳಿಜಾರಲ್ಲಿ ಬ್ರೇಕ್ ನಂಬಬೇಡ, ಗೇರು ನಂಬು. ಕಿರ್ರೆಂದು ಕೂಗುತ್ತಲೇ ಎರಡನೇ ಗೇರು ಬಿತ್ತು. ಹ್ಯಾಂಡ್ ಬ್ರೇಕ್ ಎಳೆದೆ. ಗಾಡಿ ಗಡಗಡ ನಡುಗಿತು. ಎಡಕ್ಕೆ ತಿರುಗಿಸಿ ಧರೆಗೆ ಒರೆಸಿದೆ. ಮಣ್ಣು ಉದುರಿತು. ನಿಂತಿತು. ಬಲಗಡೆ ಪ್ರಪಾತಕ್ಕೆ ನಾಲ್ಕು ಮಾರು.

ನಮ್ಮನ್ನು ಉಳಿಸಿದ್ದು ಹಳೆಯ ಜೀಪಿನ ಒಂದು ಗುಣ. ಅದರ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಡ್ರಮ್ಮು ಇದೆ, ಅದು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಕಾಲಿನ ಬ್ರೇಕಿನ ಆಯಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮನ್ನು ಕೊಲ್ಲಬೇಕಿದ್ದುದು ನಾನು ಬಣ್ಣ ಬಳಿದ ಪೈಪು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ, ಒಳಗೆ ತುಕ್ಕು! ಹಳೆಯ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕಿನ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ.

ಅಣ್ಣಯ್ಯ ಇಳಿದು ಧರೆಗೆ ಒರಗಿ ಕೂತ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮನೇಲಿ ಹೇಳ್ಬೇಡ” ಅಂದ. ಅಷ್ಟೇ.

ನಾನೇ ಹೇಳಿದೆ. ಮೇಸ್ತ್ರಿಯ ಎದುರು ತಲೆ ತಗ್ಗಿಸಿ ನಿಂತೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅದೇ ಹೆಚ್ಚು ನೋಯಿತು.

ಇನ್ನು ಗುಜರಿಯವರನ್ನು ಕರೆಸುತ್ತಾನೆ ಅಂತ ಕಾದೆ. ಮೂರನೇ ದಿನ ಅಣ್ಣಯ್ಯ ಮೆಣಸು ಮಾರಿದ ದುಡ್ಡು ತಂದು ಮೇಸ್ತ್ರಿಯ ಕೈಗಿಟ್ಟ. “ಬ್ರೇಕಿಗೆ ಏನೇನು ಬೇಕೋ ಎಲ್ಲ ಹೊಸದು ಹಾಕಿ. ಇವನ ಕೈಗೆ ಕೊಡಬೇಡಿ” ಅಂದ. ನನಗೆ ಹೇಳಿದ್ದು ಒಂದೇ ಮಾತು: “ಗೇರು ಹಾಕಿದ್ದು ಥೇಟ್ ಅಪ್ಪಯ್ಯನ ಹಾಗೇ ಇತ್ತು ಕಣೋ.”

ಅಸಲಿ ಮೇಕಪ್

ಹೊಸ ಪೈಪು, ಹೊಸ ರಬ್ಬರ್ ಹೋಸು ಬಂದವು. ಹಳೆಯ ಮಾಸ್ಟರ್ ಸಿಲಿಂಡರ್ ಜಾಗಕ್ಕೆ ‘ಟ್ಯಾಂಡಂ’ ಬಂತು. ಅದರಲ್ಲಿ ಮುಂದಿನ ಚಕ್ರಕ್ಕೊಂದು ದಾರಿ, ಹಿಂದಿನದಕ್ಕೊಂದು ದಾರಿ. ಒಂದು ಸೋರಿದರೂ ಇನ್ನೊಂದು ನಿಲ್ಲಿಸುತ್ತದೆ. ಜತೆಗೆ ಬೂಸ್ಟರು. ಇಲ್ಲೊಂದು ವಿಶೇಷವಿದೆ. ಬೂಸ್ಟರಿಗೆ ಗಾಳಿಯ ಎಳೆತ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ತಾನಾಗಿ ಸಿಗುತ್ತದೆ, ನಮ್ಮಂಥ ಡೀಸೆಲ್ಲಿನಲ್ಲಿ ಸಿಗುವುದಿಲ್ಲ. ಅದಕ್ಕೆ ಹಳೆಯ ಡೈನಮೋ ತೆಗೆದು, ಬೆನ್ನಿಗೆ ವ್ಯಾಕ್ಯೂಮ್ ಪಂಪು ಇರುವ ಆಲ್ಟರ್ನೇಟರ್ ಕೂರಿಸಿದೆವು. ಬ್ಯಾಟರಿಗೂ ಆಯಿತು, ಬ್ರೇಕಿಗೂ ಆಯಿತು!

ಹೆಡ್‌ಲೈಟಿಗೆ ರಿಲೇ ಹಾಕಿದೆವು. ಸ್ವಿಚ್ಚು ಸುಡುವುದಿಲ್ಲ, ಬೆಳಕೂ ಮಂಕಾಗುವುದಿಲ್ಲ. ಮುಂದಿನ ಎರಡು ಸೀಟಿಗೂ ಬೆಲ್ಟು. ಬಣ್ಣ ಮೊದಲಿನ ಹಸಿರೇ. ಕಪ್ಪು ಬಳಿಯುವ ಆಸೆ ಬಿಟ್ಟೆ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ರೂಪ ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಸ್ವಂತದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕು. ಇನ್ಸ್‌ಪೆಕ್ಟರು ಚಾಸಿ ನಂಬರು, ಎಂಜಿನ್ ನಂಬರು ಉಜ್ಜಿ ನೋಡಿದರು. ಅಪ್ಪಯ್ಯ ಡೀಸೆಲ್ ಎಂಜಿನ್ನನ್ನು ಪುಸ್ತಕದಲ್ಲಿ ಬರೆಸಿರದಿದ್ದರೆ ನಮ್ಮ ಕಥೆ ಅಲ್ಲೇ ‘ಶುಭಂ’!

ಒಟ್ಟು ಖರ್ಚು ಒಂದು ಲಕ್ಷ ಎಪ್ಪತ್ತೆರಡು ಸಾವಿರ. ನನ್ನ ಬೈಕು ಮಾರಿದ್ದೂ ಅದರಲ್ಲಿ ಸೇರಿದೆ. ಇಷ್ಟು ದುಡ್ಡಿಗೆ ಓಡುವ ಹಳೆಯ ಗಾಡಿ ಬೇರೆ ಸಿಗುತ್ತಿರಲಿಲ್ಲವೇ ಅಂತ ಕೇಳುತ್ತೀರಿ. ಸಿಗುತ್ತಿತ್ತೋ ಏನೋ. ಅದರ ಸ್ಟಿಯರಿಂಗ್ ಮೇಲೆ ಆ ಕೈ ಇರುತ್ತಿರಲಿಲ್ಲ.

ಕ್ಲೈಮ್ಯಾಕ್ಸ್

ದೀಪಾವಳಿಗೆ ಗಾಡಿ ಪೂಜೆ. ಚೆಂಡು ಹೂವಿನ ಹಾರ, ನಿಂಬೆಹಣ್ಣು. ಅಪ್ಪಯ್ಯನನ್ನು ಒಂದು ಸುತ್ತು ಕರೆದೊಯ್ಯಬೇಕು ಅಂತ ನಾವಿಬ್ಬರೂ ಎತ್ತಿದೆವು. ಜೀಪಿನ ಸೀಟು ಎತ್ತರ. ಕಾಲು ಏಳಲಿಲ್ಲ. ಎರಡು ಸಲ ನೋಡಿದೆವು. ಅಪ್ಪಯ್ಯ ತಲೆ ಅಲ್ಲಾಡಿಸಿ, ಸಾಕು ಅಂತ ಕೈ ಮಾಡಿದ. ಹಬ್ಬದ ಮನೆ ಸಪ್ಪಗಾಯಿತು. ನಾಲ್ಕೂ ಚಕ್ರ, ಬೂಸ್ಟರು, ರಿಲೇ ಎಲ್ಲ ಯೋಚಿಸಿದ್ದೆ. ಇದನ್ನು ಯೋಚಿಸಿರಲಿಲ್ಲ!

ಮರುದಿನ ಬೆಳಿಗ್ಗೆ ಎದ್ದರೆ ಅಣ್ಣಯ್ಯ ಶೆಡ್ಡಿನಲ್ಲಿದ್ದ. ಜತೆಗೆ ಮೇಸ್ತ್ರಿ. ಎಡಗಡೆ ಬಾಗಿಲ ಕೆಳಗೆ ಮಡಚುವ ಒಂದು ಮೆಟ್ಟಿಲು, ಅಪ್ಪಯ್ಯನ ಎಡಗೈಗೆ ಎಟಕುವ ಹಾಗೆ ಒಂದು ಹಿಡಿ. ಎಡಗೈಯಲ್ಲಿ ಹಿಡಿ ಹಿಡಿದು, ಎಡಗಾಲು ಮೆಟ್ಟಿಲ ಮೇಲಿಟ್ಟು, ಅಣ್ಣಯ್ಯನ ಹೆಗಲಿಗೆ ಆತುಕೊಂಡು ಅಪ್ಪಯ್ಯ ಹತ್ತಿ ಕೂತ.

ಏರು ಹತ್ತಿದೆವು. ಇಳಿಜಾರು ಬಂತು. ನನ್ನ ಕೈ ಗೇರಿನ ಮೇಲೆ ಹೋಗುವ ಮೊದಲೇ ಅಪ್ಪಯ್ಯನ ಎಡಗೈ ಎದ್ದು ಎರಡು ಬೆರಳು ತೋರಿಸಿತು. ಎರಡನೇ ಗೇರು! ಹಾಕಿದೆ. ಗಾಡಿ ಗೊಣಗುತ್ತ ನಿಧಾನಕ್ಕೆ ಇಳಿಯಿತು. ಹನ್ನೊಂದು ಸೆಕೆಂಡಲ್ಲ, ಒಂದು ನಿಮಿಷವೇ ಹಿಡಿಯಿತು. ಹಿಂದಿನ ತೊಟ್ಟಿಯಲ್ಲಿ ನಿಂತಿದ್ದ ಅಣ್ಣಯ್ಯ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಅವನಿಗೆ ಶಿಳ್ಳೆ ಹೊಡೆಯಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ!

ಈಗ ಕಾಫಿ ಕೊಯ್ಲು ಮುಗಿದಿದೆ. ಈ ಸಲ ಮೂಟೆಗಳೆಲ್ಲ ನಮ್ಮ ಗಾಡಿಯಲ್ಲೇ ಹೋದವು.

ಅಭಿಮಾನಿ ಮಿತ್ರರೇ, ಇನ್ನು ಮೇಲೆ ತೆರೆಯ ಮೇಲೆ ಜೀಪು ಧೂಳೆಬ್ಬಿಸಿ ಇಳಿದಾಗ ಧಾರಾಳವಾಗಿ ಶಿಳ್ಳೆ ಹೊಡೆಯಿರಿ. ಆದರೆ ಒಂದು ಸಲ ಸ್ಟಿಯರಿಂಗ್ ಮೇಲಿನ ಕೈಯನ್ನೂ ನೋಡಿ. ನಿಮ್ಮ ಮನೆ ಶೆಡ್ಡಿನಲ್ಲೂ ಹಳೆಯ ಗಾಡಿ ಮಲಗಿದ್ದರೆ, ಎಬ್ಬಿಸುವ ಮನಸ್ಸಿದ್ದರೆ, ಬಣ್ಣದ ಡಬ್ಬಿ ತರುವ ಮೊದಲು ಬ್ರೇಕಿನ ಪೈಪು ತನ್ನಿ.